ಜೇನು ಸಾಕಣೆಯ ಪ್ರಮಾಣಪತ್ರ: ಅರ್ಜಿಯಲ್ಲಿ ಕಾಣದ ಖರ್ಚು

ಜೇನು ಸಾಕಣೆಯಲ್ಲಿ ಪ್ರಮಾಣಪತ್ರವನ್ನೋ ಡಿಪ್ಲೊಮಾವನ್ನೋ ಪಡೆಯಲು ಹೊರಟವರು ಮೊದಲು ವಿಚಾರಿಸುವುದು ಪರೀಕ್ಷಾ ಶುಲ್ಕ ಎಷ್ಟೆಂದು. ನನ್ನ ಬಳಿಯೂ ಈ ಪ್ರಶ್ನೆ ಆಗಾಗ ಬರುತ್ತದೆ. ಅದಕ್ಕೆ ಉತ್ತರ ಅರ್ಜಿ ನಮೂನೆಯಲ್ಲಿಯೇ ಅಚ್ಚಾಗಿರುತ್ತದೆ; ಆದರೆ ಆ ಮೊತ್ತವನ್ನು ನೋಡಿ ‘ಇಷ್ಟೇ ತಾನೆ’ ಎಂದುಕೊಂಡು ಹೊರಟವರಲ್ಲಿ ಹಲವರು ನಡುದಾರಿಯಲ್ಲಿ ನಿಂತುಬಿಡುವುದನ್ನು ನಾನು ಕಂಡಿದ್ದೇನೆ. ಅವರನ್ನು ತಡೆದದ್ದು ಓದಿನ ಕಷ್ಟವಲ್ಲ, ಶುಲ್ಕವೂ ಅಲ್ಲ. ಪರೀಕ್ಷೆಗೆ ಕೂರುವ ಮೊದಲೇ ಕೈಯಲ್ಲಿರಬೇಕಾದ ಜಾಗ, ಪೆಟ್ಟಿಗೆ, ಬಿಡುವು ಮತ್ತು ಓಡಾಟದ ಅನುಕೂಲಗಳ ಬೆಲೆ ಯಾವ ಅರ್ಜಿಯಲ್ಲಿಯೂ ನಮೂದಾಗಿರುವುದಿಲ್ಲ.

ಬೇರೆ ಅನೇಕ ವಿದ್ಯೆಗಳಲ್ಲಿ ಓದು ಮುಗಿದ ಮೇಲೆ ಉಪಕರಣ ಕೊಳ್ಳುವುದುಂಟು. ಇಲ್ಲಿ ಉಪಕರಣವೂ ಜೀವಿಯೂ ಮೊದಲೇ ಇರಬೇಕು. ಬ್ರಿಟಿಷ್ ಬೀಕೀಪರ್ಸ್ ಅಸೋಸಿಯೇಷನ್ ನಡೆಸುವ ಪರೀಕ್ಷೆಗಳ ಏಣಿಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಅದರ ಮೊದಲ ಮೆಟ್ಟಿಲಾದ ಬೇಸಿಕ್ ಹಂತಕ್ಕೆ ಬರುವವರು ಕನಿಷ್ಠ 12 ತಿಂಗಳು ಜೇನು ಕುಟುಂಬವನ್ನು ನೋಡಿಕೊಂಡ ಅನುಭವ ಹೊಂದಿರಬೇಕು. ಆ ಹಂತ ದಾಟಿದ ಮೇಲೆಯೇ ಲಿಖಿತ ಮಾಡ್ಯೂಲ್‌ಗಳ ಸರಣಿ. ಅದರೊಡನೆ ಸೂಕ್ಷ್ಮದರ್ಶಕದ ಪರೀಕ್ಷೆ, ಆಮೇಲೆ ಸಾಕಣೆಯ ಪ್ರಾಯೋಗಿಕ ಪರೀಕ್ಷೆಗಳು, ಇವೆಲ್ಲ ಮುಗಿದವರಿಗೆ ಮಾಸ್ಟರ್ ಬೀಕೀಪರ್ ಎಂಬ ಹೆಸರು. ಅಲ್ಲಿನ ಸಂಘಗಳ ಅತ್ಯುನ್ನತ ಪ್ರಮಾಣಪತ್ರಕ್ಕಿಂತಲೂ ಮೇಲಿನ ಅರ್ಹತೆಯೊಂದು ಬೇಕೆಂದು 1954ರಲ್ಲಿ ಪ್ರತ್ಯೇಕ ಮಂಡಳಿಯೇ ಹುಟ್ಟಿಕೊಂಡಿತು; ಅದು ಕೊಡುವುದು ನ್ಯಾಷನಲ್ ಡಿಪ್ಲೊಮಾ ಇನ್ ಬೀಕೀಪಿಂಗ್. ವ್ಯವಸ್ಥೆ ಅಚ್ಚುಕಟ್ಟಾಗಿದೆ, ಮೆಟ್ಟಿಲುಗಳು ಸ್ಪಷ್ಟವಾಗಿವೆ, ಆ ಬಗ್ಗೆ ನನಗೆ ಗೌರವವಿದೆ. ಆದರೆ ಸಾಕಣೆಯ ಪ್ರಾಯೋಗಿಕ ಪರೀಕ್ಷೆಗಳಲ್ಲಿ ಮೊದಲನೆಯದಕ್ಕೆ ಪರೀಕ್ಷಕರು ಬರುವುದು ಅಭ್ಯರ್ಥಿಯ ಸ್ವಂತ ಜೇನುತೋಟಕ್ಕೆ. ಜೇನುತೋಟವೇ ಇಲ್ಲದವರು, ಬಾಡಿಗೆ ಮನೆಯ ಮೇಲಂತಸ್ತಿನಲ್ಲಿ ವಾಸಿಸುವವರು, ಪೆಟ್ಟಿಗೆ ಇಡಲು ನೆರೆಯವರು ಒಪ್ಪದವರು ಏನು ಮಾಡಬೇಕು ಎಂಬ ಪ್ರಶ್ನೆಯನ್ನು ಆ ಏಣಿ ತಾನಾಗಿ ಕೇಳಿಕೊಳ್ಳುವುದಿಲ್ಲ.

ಸ್ವಂತ ಜೇನುತೋಟ ಎಂದರೆ ಒಂದು ಪೆಟ್ಟಿಗೆಯಲ್ಲ. ಕಲಿಯುವವರು ಕನಿಷ್ಠ ಎರಡು ಕುಟುಂಬ ಇಟ್ಟುಕೊಳ್ಳಬೇಕೆಂದು ಅನುಭವಿಗಳು ಹೇಳುತ್ತಾರೆ. ಒಂದರಲ್ಲಿ ರಾಣಿ ಸತ್ತರೆ ಇನ್ನೊಂದರಿಂದ ಮೊಟ್ಟೆಯಿರುವ ಎರಿಯನ್ನು, ಎಂದರೆ ಮೇಣದ ಕೋಶಗಳ ಹಲ್ಲೆಯನ್ನು, ತಂದಿಟ್ಟು ಹೊಸ ರಾಣಿಯನ್ನು ಎಬ್ಬಿಸಿಕೊಳ್ಳಬಹುದು, ಒಂದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಿದಾಗ ಮಾತ್ರ ಯಾವುದು ಬಡವಾಗಿದೆ ಎಂಬುದು ತಿಳಿಯುತ್ತದೆ. ಹಾಗಾಗಿ ಪೆಟ್ಟಿಗೆ, ಚೌಕಟ್ಟು, ಮೇಣದ ಹಾಳೆ, ಹೊಗೆ ಹಾಕುವ ತಿದಿ, ಮುಖಪರದೆ ಎಂಬ ಮೊದಲ ಪಟ್ಟಿ ಬೇಗನೆ ಬೆಳೆಯುತ್ತದೆ. ಕುಟುಂಬ ಪಾಲಾಗುವ ಕಾಲ ಬಂದರೆ ಖಾಲಿ ಪೆಟ್ಟಿಗೆಯೊಂದು ಸಿದ್ಧವಿರಬೇಕು. ಮೇಲಿನ ಹಂತಗಳಲ್ಲಿ ರಾಣಿ ಸಾಕಣೆಯನ್ನೂ ತೋರಿಸಬೇಕಾಗುವುದರಿಂದ ಅದಕ್ಕೆ ಬೇಕಾದ ಪುಟ್ಟ ಪೆಟ್ಟಿಗೆಗಳು ಮತ್ತು ಅವನ್ನು ತುಂಬಲು ಸಾಕಾಗುವಷ್ಟು ಹುಳುಗಳೂ ಬೇಕು. ಇದಲ್ಲದೆ ಜೇನು ಕುಟುಂಬ ಸಾಯುತ್ತದೆ, ಅಥವಾ ಗೂಡು ಬಿಟ್ಟು ಪರಾರಿಯಾಗುತ್ತದೆ. ಹತ್ತಾರು ಪೆಟ್ಟಿಗೆ ಇರುವವರಿಗೆ ಅದು ಒಂದು ಋತುವಿನ ನಷ್ಟ. ಎರಡೇ ಇಟ್ಟುಕೊಂಡವರಿಗೆ ಪರೀಕ್ಷೆಯೇ ಮುಂದಕ್ಕೆ ಹೋಯಿತೆಂದು ಅರ್ಥ.

ಬೇಸಿಕ್ ಹಂತದಲ್ಲಿ ನಡೆಯುವುದನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಸ್ವಂತ ಜೇನಿಲ್ಲದೆ ಅದನ್ನು ಕಲಿಯುವುದು ಏಕೆ ಕಷ್ಟ ಎಂಬುದು ಗೊತ್ತಾಗುತ್ತದೆ. ಅಭ್ಯರ್ಥಿ ತಿದಿ ಹೊತ್ತಿಸಬೇಕು, ಅದು ಪರೀಕ್ಷೆ ಮುಗಿಯುವ ತನಕ ಆರಬಾರದು. ಪೆಟ್ಟಿಗೆ ತೆರೆದು ಅಂಚಿನ ಚೌಕಟ್ಟನ್ನು ಮೊದಲು ತೆಗೆದು ಪಕ್ಕಕ್ಕಿಟ್ಟು, ಉಳಿದವಕ್ಕೆ ಸರಿದಾಡಲು ಜಾಗ ಮಾಡಿಕೊಂಡು, ಒಂದೊಂದನ್ನೇ ನೇರವಾಗಿ ಮೇಲೆತ್ತಬೇಕು. ಓರೆಯಾಗಿ ಎತ್ತಿದರೆ ಎರಿಗಳ ನಡುವೆ ಹುಳುಗಳು ಅರೆದುಹೋಗುತ್ತವೆ, ರಾಣಿಯೂ ಅವುಗಳಲ್ಲಿ ಒಂದಾಗಬಹುದು. ಬೆಳಕನ್ನು ಬೆನ್ನ ಹಿಂದಿನಿಂದ ಬರಿಸಿಕೊಂಡು ಕೋಶದ ತಳದಲ್ಲಿ ನಿಂತಿರುವ ಮೊಟ್ಟೆಯನ್ನು ತೋರಿಸಬೇಕು, ಗಂಡುಹುಳುವಿನ ಕೋಶದ ಉಬ್ಬಿದ ಮುಚ್ಚಳವನ್ನೂ ಕೆಲಸಗಾರ ಹುಳುವಿನ ಕೋಶದ ಮಟ್ಟಸ ಮುಚ್ಚಳವನ್ನೂ ಬೇರೆ ಮಾಡಿ ಹೇಳಬೇಕು. ಬಿಡಿ ಕಟ್ಟಿಗೆಗಳನ್ನು ಜೋಡಿಸಿ, ಮೇಣದ ಹಾಳೆ ಕೂರಿಸಿ, ಮೊಳೆ ಹೊಡೆದು ಚೌಕಟ್ಟೊಂದನ್ನು ಕಣ್ಣೆದುರೇ ಸಿದ್ಧಪಡಿಸಬೇಕು. ಇದರಲ್ಲಿ ಪುಸ್ತಕದಿಂದ ಬರುವುದು ತೀರ ಕಡಿಮೆ. ಕೈ ನಡುಗದೆ ಎರಿ ಹಿಡಿಯುವುದು ನೂರಾರು ಎರಿಗಳನ್ನು ಹಿಡಿದ ಮೇಲೆ ಬರುವ ಅಭ್ಯಾಸ. ಆದ್ದರಿಂದ ಪ್ರಾಯೋಗಿಕ ಭಾಗವನ್ನೇ ಕೈಬಿಟ್ಟು ಎಲ್ಲವನ್ನೂ ಆನ್‌ಲೈನ್‌ನಲ್ಲಿ ಮಾಡಿಬಿಡೋಣ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ವಿಡಿಯೊ ನೋಡಿ ಉತ್ತೀರ್ಣರಾದವರ ಕೈಗೆ ಬೇರೆಯವರ ಪೆಟ್ಟಿಗೆಯನ್ನು ಕೊಡಲು ನನಗಂತೂ ಧೈರ್ಯ ಬಾರದು.

ಇನ್ನು ದೂರದ ಮಾತು. ಅಮೆರಿಕದ ಈಸ್ಟರ್ನ್ ಏಪಿಕಲ್ಚರಲ್ ಸೊಸೈಟಿಯ ಮಾಸ್ಟರ್ ಬೀಕೀಪರ್ ಪರೀಕ್ಷೆಯಲ್ಲಿ ನಾಲ್ಕು ಭಾಗಗಳಿವೆ: ಬರವಣಿಗೆ, ಪ್ರಯೋಗಾಲಯ, ಜೇನುತೋಟದ ಕೆಲಸ, ಮೌಖಿಕ. ಆ ಸಂಸ್ಥೆಯ ವಾರ್ಷಿಕ ಸಮ್ಮೇಳನ ನಡೆಯುವಲ್ಲಿಯೇ ಪರೀಕ್ಷೆಯೂ ನಡೆಯುತ್ತದೆ, ಸಮ್ಮೇಳನ ಪ್ರತಿ ವರ್ಷ ಬೇರೆ ಬೇರೆ ಊರಿಗೆ ಹೋಗುತ್ತದೆ. ಸಮ್ಮೇಳನದ ಊರು ಪಕ್ಕದಲ್ಲಿದ್ದ ವರ್ಷ ಒಬ್ಬರಿಗೆ ಅದೃಷ್ಟ, ಸಾವಿರ ಮೈಲಿ ದೂರವಿದ್ದ ವರ್ಷ ಪ್ರಯಾಣ, ವಸತಿ, ಕೆಲಸಕ್ಕೆ ರಜೆ ಎಲ್ಲ ಸೇರಿ ಶುಲ್ಕವನ್ನು ಎಲ್ಲಿಯೋ ಹಿಂದೆ ಹಾಕಿಬಿಡುತ್ತವೆ. ಒಂದು ಭಾಗದಲ್ಲಿ ಸೋತರೆ ಮುಂದಿನ ಸಮ್ಮೇಳನಕ್ಕೆ ಕಾಯಬೇಕು. ಕಾಯುವ ವಿಷಯದಲ್ಲಿ ಯಾರನ್ನೂ ದೂರುವಂತಿಲ್ಲ, ಏಕೆಂದರೆ ಜೇನಿಗೆ ಋತುವಿದೆ. ಹುಳುಗಳು ಮರಿ ಬೆಳೆಸದ ಕಾಲದಲ್ಲಿ ಪೆಟ್ಟಿಗೆ ತೆರೆಸಿ ಪರೀಕ್ಷೆ ಮಾಡಲಾಗದು. ಆದರೂ ದಿನಗೂಲಿಯಲ್ಲಿ ಬದುಕುವವರಿಗೂ ಚಿಕ್ಕ ಮಕ್ಕಳನ್ನು ಬಿಟ್ಟು ಬರಲಾಗದವರಿಗೂ ಒಂದು ವರ್ಷದ ಕಾಯುವಿಕೆ ಎಂದರೆ ಬಹುಮಟ್ಟಿಗೆ ಕೈಬಿಟ್ಟಂತೆಯೇ.

ಸೂಕ್ಷ್ಮದರ್ಶಕದ ಕತೆ ಇನ್ನೊಂದು ಬಗೆಯದು. ನೊಸೀಮಾ ಎಂಬ ಕರುಳಿನ ಸೋಂಕನ್ನು ಗುರುತಿಸಲು ಮೂವತ್ತರಷ್ಟು ಹುಳುಗಳ ಹೊಟ್ಟೆಯನ್ನು ನೀರಿನೊಡನೆ ಅರೆದು, ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲಿಟ್ಟು, 400 ಪಟ್ಟು ಹಿಗ್ಗಿಸಿ ನೋಡುತ್ತಾರೆ. ಅಕ್ಕಿಕಾಳಿನ ಆಕಾರದ, ಅಂಚು ಗಾಢವಾಗಿರುವ ಬೀಜಕಣಗಳು ಕಂಡರೆ ಸೋಂಕಿದೆಯೆಂದು ಅರ್ಥ. ಕೆಲಸ ಕಷ್ಟದ್ದಲ್ಲ, ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು. ಆದರೆ ಅಷ್ಟು ಹಿಗ್ಗಿಸುವ ಒಂದು ಉಪಕರಣ, ಅಂಗಗಳನ್ನು ಬಿಡಿಸಿ ನೋಡಲು ಕಡಿಮೆ ಹಿಗ್ಗಿಸುವ ಇನ್ನೊಂದು, ಹೀಗೆ ಎರಡು ಬೇಕಾಗುತ್ತವೆ. ಇದನ್ನು ಪ್ರತಿಯೊಬ್ಬರೂ ಕೊಳ್ಳಬೇಕೆನ್ನುವುದು ನನಗೆ ಅರ್ಥವಿಲ್ಲದ್ದಾಗಿ ಕಾಣುತ್ತದೆ. ಶಾಲಾ ಕಾಲೇಜುಗಳ ಜೀವಶಾಸ್ತ್ರ ಪ್ರಯೋಗಾಲಯಗಳಲ್ಲಿ ರಜೆಯ ದಿನಗಳಲ್ಲಿ ಬಟ್ಟೆ ಹೊದ್ದು ಕುಳಿತಿರುವ ಸೂಕ್ಷ್ಮದರ್ಶಕಗಳನ್ನು ಸಂಘಗಳು ಕೇಳಿ ಪಡೆದರೆ ಈ ತಡೆ ಹೆಚ್ಚು ಖರ್ಚಿಲ್ಲದೆ ಕರಗುತ್ತದೆ.

ನನ್ನ ಲೆಕ್ಕದಲ್ಲಿ ಹಣಕ್ಕಿಂತ ಗಟ್ಟಿಯಾದ ತಡೆ ಪಠ್ಯಕ್ರಮದೊಳಗಿದೆ. ಹೆಸರು ಮಾಡಿರುವ ಪ್ರಮಾಣಪತ್ರಗಳೆಲ್ಲ ಹೆಚ್ಚು ಕಡಿಮೆ ಒಂದೇ ಜೇನನ್ನು ಕಣ್ಣೆದುರಿಟ್ಟುಕೊಂಡು ರೂಪುಗೊಂಡಿವೆ. ಅದು ಯುರೋಪು ಮತ್ತು ಆಫ್ರಿಕಾ ಮೂಲದ ಏಪಿಸ್ ಮೆಲ್ಲಿಫೆರಾ. ಮೊಟ್ಟೆಯಿಂದ ಪೂರ್ಣ ಹುಳುವಾಗಿ ಹೊರಬರಲು ರಾಣಿಗೆ 16 ದಿನ, ಕೆಲಸಗಾರ ಹುಳುವಿಗೆ 21, ಗಂಡಿಗೆ 24 ಎಂಬುದು ಪ್ರತಿ ಅಭ್ಯರ್ಥಿಯೂ ಬಾಯಿಪಾಠ ಮಾಡುವ ಲೆಕ್ಕ, ಆದರೆ ಅದು ಮೆಲ್ಲಿಫೆರಾದ ಲೆಕ್ಕ. ತುಡುವೆ ಜೇನನ್ನು, ಎಂದರೆ ಏಪಿಸ್ ಸೆರಾನಾವನ್ನು ಸಾಕುವವರು ಇದೇ ಪಠ್ಯವನ್ನು ಓದಿದಾಗ ವಿಚಿತ್ರವಾದ ಸ್ಥಿತಿ ಉಂಟಾಗುತ್ತದೆ. ಜೇನಿನ ಮೈಗೆ ಅಂಟಿ ಬಾಳುವ ವರೋವಾ ಎಂಬ ನುಸಿಯ ಮೇಲೆ ಅಧ್ಯಾಯಗಟ್ಟಲೆ ಓದಿ, ಯಾವ ತಿಂಗಳಲ್ಲಿ ಯಾವ ಆಮ್ಲದ ಚಿಕಿತ್ಸೆ ಎಂಬುದನ್ನು ಬರೆಯಬೇಕು. ಆದರೆ ಆ ನುಸಿಯ ಮೂಲ ಆಶ್ರಯ ತುಡುವೆಯೇ, ಮತ್ತು ತುಡುವೆಯಲ್ಲಿ ಅದು ಬಹುತೇಕ ಗಂಡುಮರಿಗಳ ಕೋಶದಲ್ಲಿ ಮಾತ್ರ ಸಂತಾನ ಬೆಳೆಸುವುದರಿಂದ ಕುಟುಂಬ ಅದರೊಡನೆ ಹೇಗೋ ಹೊಂದಿಕೊಂಡು ಬಾಳುತ್ತದೆ. ಅದೇ ಸಾಕಣೆಗಾರರ ನಿದ್ದೆ ಕೆಡಿಸುವ ಸ್ಯಾಕ್‌ಬ್ರೂಡ್ ನಂಜುರೋಗಕ್ಕೆ ಪುಸ್ತಕದಲ್ಲಿ ಸಿಗುವುದು ಕೆಲವು ಸಾಲು, ಏಕೆಂದರೆ ಮೆಲ್ಲಿಫೆರಾದಲ್ಲಿ ಅದು ಸಾಮಾನ್ಯವಾಗಿ ಕೆಲವು ಮರಿಗಳನ್ನು ಕೊಂದು ತಾನಾಗಿ ಇಳಿಯುವ ಕಾಯಿಲೆ. ತುಡುವೆಯಲ್ಲಿ ಇಡೀ ಪ್ರದೇಶದ ಪೆಟ್ಟಿಗೆಗಳನ್ನು ಬರಿದು ಮಾಡಿದ್ದುಂಟು. ಪರಾರಿಯಾಗುವ ಗುಣ, ಮೇಣದ ಪತಂಗದ ಕಾಟ, ಚಿಕ್ಕ ಕೋಶಕ್ಕೆ ಹೊಂದುವ ಮೇಣದ ಹಾಳೆ, ಇವೆಲ್ಲ ಅಡಿಟಿಪ್ಪಣಿಗಳಾಗಿಬಿಡುತ್ತವೆ. ಚುಚ್ಚದ ಮುಜಂಟಿ ಜೇನನ್ನು ಸಾಕುವವರ ಪಾಡಂತೂ ಹೇಳುವುದೇ ಬೇಡ. ಅಲ್ಲಿ ಚೌಕಟ್ಟೇ ಇಲ್ಲ, ಜೇನು ಕೂಡಿಡುವುದು ಎರಿಯಲ್ಲಲ್ಲ, ಮೇಣ ಮತ್ತು ಅಂಟಿನ ಪುಟ್ಟ ಕುಡಿಕೆಗಳಲ್ಲಿ. ಹೀಗೆ ಹಣ ತೆತ್ತು, ದೂರ ಹೋಗಿ, ಪರಭಾಷೆಯಲ್ಲಿ ಓದಿ ಪಡೆದ ಪ್ರಮಾಣಪತ್ರ ತಾನು ಸಾಕುತ್ತಿರುವ ಜೇನಿನ ಬಗ್ಗೆ ಹೇಳುವುದು ಅಲ್ಪವೆಂದಾದರೆ, ಅದನ್ನು ಬೇಡವೆಂದವರನ್ನು ಆಸಕ್ತಿಯಿಲ್ಲದವರು ಎಂದು ಕರೆಯುವುದು ಸರಿಯಲ್ಲ.

ಭಾಷೆಯ ತಡೆಯೂ ಇದರ ಜೊತೆಗೇ ಹೆಣೆದುಕೊಂಡಿದೆ. ತಲೆಮಾರುಗಳಿಂದ ಜೇನಿನ ಸಹವಾಸದಲ್ಲಿರುವ ಎಷ್ಟೋ ಜನರಿಗೆ ಗೂಡಿನ ಬಾಗಿಲ ಬಳಿಯ ಓಡಾಟವನ್ನು ನೋಡಿಯೇ ಒಳಗೆ ರಾಣಿಯಿದ್ದಾಳೆಯೇ ಎಂದು ಊಹಿಸುವ ಕಲೆ ಗೊತ್ತಿದೆ, ಬರೆದು ಉತ್ತರಿಸುವ ಅಭ್ಯಾಸವಿಲ್ಲ. ಬರವಣಿಗೆಯಂತೆ ಕಣ್ಣಿನ ಕೊರತೆಯೂ ತಡೆಯಾಗಬಹುದು: ರಾಣಿ ಗೂಡಿನ ಹೊರಗೆ ಹಾರಿ ಗಂಡುಗಳೊಡನೆ ಕೂಡುತ್ತಾಳೆ ಎಂಬುದನ್ನು ಎಚ್ಚರದ ಪ್ರಯೋಗಗಳಿಂದ ತೋರಿಸಿಕೊಟ್ಟ ಜಿನೀವಾದ ಫ್ರಾನ್ಸ್ವಾ ಹ್ಯೂಬರ್ ಕುರುಡರಾಗಿದ್ದರು. ಸಹಾಯಕ ಬರ್ನೆನ್ಸ್ ನೋಡಿ ಹೇಳಿದ್ದನ್ನು ಕೇಳಿ ಪ್ರಶ್ನೆಗಳನ್ನು ರೂಪಿಸುತ್ತಿದ್ದರು. ಕೋಶದ ತಳದ ಮೊಟ್ಟೆಯನ್ನು ತಾನೇ ತೋರಿಸಬೇಕೆನ್ನುವ ಪರೀಕ್ಷೆ ಅವರನ್ನು ಮೊದಲ ಹಂತದಲ್ಲಿಯೇ ಮನೆಗೆ ಕಳಿಸುತ್ತಿತ್ತೋ ಏನೋ.

ಕಲಿಯುವವರೇ ಎಲ್ಲವನ್ನೂ ತೆರಬೇಕೆಂಬುದು ಮಾತ್ರ ಪ್ರಕೃತಿ ನಿಯಮವೇನಲ್ಲ. 1770ರಲ್ಲಿ ವಿಯೆನ್ನಾದಲ್ಲಿ ಆಂಟನ್ ಯಾನ್ಶಾ ಜೇನು ಸಾಕಣೆಯ ಗುರುವಾಗಿ ನೇಮಕಗೊಂಡಾಗ ಅವರಿಗೆ ಸಂಬಳ ಕೊಟ್ಟದ್ದು ಅರಮನೆ. ಅವರ ಬಳಿ ಜೇನಿನ ಯಾವ ಪ್ರಮಾಣಪತ್ರವೂ ಇರಲಿಲ್ಲ, ಚಿತ್ರಕಲೆ ಕಲಿತಿದ್ದ ಅವರು ಜೇನನ್ನು ಕಲಿತದ್ದು ಮನೆಯಲ್ಲಿ. ಇಂದಿನ ಜರ್ಮನಿಯಲ್ಲಿ ಜೇನು ಸಾಕಣೆ ಮೂರು ವರ್ಷಗಳ ವೃತ್ತಿ ತರಬೇತಿಯ ಕಸುಬು. ತರಬೇತಿಯಲ್ಲಿರುವವರು ಒಂದು ಜೇನು ಉದ್ಯಮದಲ್ಲಿ ದುಡಿಯುತ್ತಾ, ನಡುನಡುವೆ ವೃತ್ತಿಶಾಲೆಗೆ ಹೋಗುತ್ತಾ, ಕಲಿಯುವ ಅವಧಿಯಲ್ಲಿಯೇ ಭತ್ಯೆ ಪಡೆಯುತ್ತಾರೆ. ಎರಿ ಹಿಡಿಯಲು ಬೇಕಾದ ಪೆಟ್ಟಿಗೆಗಳು ಮಾಲೀಕರವು, ಸತ್ತ ಕುಟುಂಬದ ನಷ್ಟವೂ ಅವರದೇ. ಅಂಥ ಉದ್ಯಮಗಳು ಎಲ್ಲೆಡೆ ಇಲ್ಲ ಎಂಬುದು ನಿಜ. ಆದರೆ ಸಂಘದ ಹೆಸರಿನಲ್ಲಿ ನಾಲ್ಕಾರು ಪೆಟ್ಟಿಗೆಗಳ ಸಾಮೂಹಿಕ ಜೇನುತೋಟ ಇಟ್ಟು, ಅಲ್ಲಿ ಒಂದು ಋತು ಪೂರ್ತಿ ದುಡಿದದ್ದನ್ನು ಸ್ವಂತ ಸಾಕಣೆಗೆ ಸಮವೆಂದು ಪರೀಕ್ಷೆಗೆ ಪರಿಗಣಿಸುವುದಕ್ಕೆ ದೊಡ್ಡ ಉದ್ಯಮವೇನೂ ಬೇಕಿಲ್ಲ. ಲಿಖಿತ ಭಾಗವನ್ನು ಮನೆಯಿಂದಲೇ ಬರೆಯಲು ಬಿಡಬಹುದು, ಬರೆಯಲಾಗದವರಿಂದ ಬಾಯಿಮಾತಿನಲ್ಲಿಯೇ ಉತ್ತರ ಪಡೆಯಬಹುದು. ಉಳಿತಾಯವಾದ ಹಣವನ್ನು ಪರೀಕ್ಷಕರು ಅಭ್ಯರ್ಥಿ ಇರುವಲ್ಲಿಗೆ ಹೋಗಿ ಬರುವ ಖರ್ಚಿಗೆ ಬಳಸಬಹುದು.

ನನ್ನನ್ನು ವಿಚಾರಿಸುವವರಿಗೆ ನಾನು ಮೊದಲು ತಿರುಗಿಸಿ ಕೇಳುವುದು, ಪ್ರಮಾಣಪತ್ರ ಯಾವುದಕ್ಕೆ ಬೇಕು ಎಂದು. ಜೇನು ಸಾಕುವುದಕ್ಕೇ ಆದರೆ ಬಹಳಷ್ಟು ದೇಶಗಳಲ್ಲಿ ಅದರ ಅಗತ್ಯವಿಲ್ಲ. ಓದಿಗೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಉಚಿತವಾಗಿ ಕೊಡುವ ಕೈಪಿಡಿಗಳಿವೆ, ಅವುಗಳಲ್ಲಿ ತುಡುವೆಗೂ ಚುಚ್ಚದ ಜೇನಿಗೂ ಜಾಗ ಸಿಕ್ಕಿದೆ. ಬೋಧಕರ ಹುದ್ದೆಗೋ, ತಪಾಸಣೆಯ ಕೆಲಸಕ್ಕೋ, ಸಾಲ ಅಥವಾ ಸಹಾಯಧನದ ಅರ್ಜಿಗೋ ಬೇಕಾದರೆ ಆ ಅರ್ಜಿ ಕೇಳುವುದು ಯಾವ ಹಂತವನ್ನು ಎಂದು ತಿಳಿದುಕೊಂಡು, ಅಲ್ಲಿಯವರೆಗಿನ ಶುಲ್ಕದ ಪಕ್ಕದಲ್ಲಿ ಎರಡು ಕುಟುಂಬಗಳ ವರ್ಷದ ಖರ್ಚು, ಪ್ರಯಾಣ ಮತ್ತು ಕೂಲಿ ತಪ್ಪುವ ದಿನಗಳನ್ನು ಬರೆದುಕೊಂಡು ಕೂಡಿಸಿ ನೋಡಿ ಎನ್ನುತ್ತೇನೆ. ಒಂದು ಋತುವಿನ ಮಟ್ಟಿಗೆ ತಮ್ಮ ಪೆಟ್ಟಿಗೆಗಳ ಬಳಿ ಕೆಲಸಕ್ಕೆ ಸೇರಿಸಿಕೊಳ್ಳುವ ಸಾಕಣೆಗಾರರು ಹತ್ತಿರದಲ್ಲಿದ್ದಾರೆಯೇ ಎಂದು ಹುಡುಕುವುದು ಶುಲ್ಕ ಕಟ್ಟುವ ಮೊದಲೇ ಆಗಬೇಕಾದ ಕೆಲಸ.