ಬೆರಳಿಡೋದು ಆಮೇಲೆ
ಅಕ್ಕನ ಮಗಳು ಕೊಳಲು ಕ್ಲಾಸಿಗೆ ಸೇರಿದ್ದಾಳೆ. ಸರಳೆ ವರಸೆ ಅನ್ನೋ ಮೊದಲ ಸ್ವರಪಾಠವೇ ಇನ್ನೂ ದೂರ, ಸದ್ಯಕ್ಕೆ ಮನೆ ತುಂಬ ಬರೀ ಫೂ ಫೂ ಗಾಳಿ. ನಾದ ಬರೋವರೆಗೂ ತೂತಿನ ಮೇಲೆ ಬೆರಳಿಡೋ ಹಾಗಿಲ್ಲ ಅಂದಿದ್ದಾರಂತೆ ಮೇಷ್ಟ್ರು. ಸರಿಯಾಗೇ ಹೇಳಿದ್ದಾರೆ. ಉಸಿರು ತೆಳ್ಳಗೆ ಹೋಗಿ ಊದುವ ತೂತಿನ ಎದುರಂಚಿಗೆ ತಾಗಿ ಸೀಳಬೇಕು. ಜೋರಾಗಿ ಊದಿದರೆ ತಲೆ ಸುತ್ತುತ್ತೆ ಅಷ್ಟೇ. ಪುಟ್ಟ ಕೈಗಳಿಗೆ ಗಿಡ್ಡ ಕೊಳಲೇ ಕೊಡಿಸಿ, ಉದ್ದದ್ದರಲ್ಲಿ ತೂತುಗಳು ಬೆರಳಿಗೆ ಎಟಕಲ್ಲ.

ಮೊನ್ನೆ ಮದುವೆಮನೆಯಲ್ಲಿ ಓಲಗದವರ ಪಕ್ಕವೇ ಕೂತಿದ್ದಳು. ನಾಗಸ್ವರಕ್ಕೆ ದಾರದಲ್ಲಿ ಕಟ್ಟಿ ಇಳಿಬಿಟ್ಟ ರೀಡುಗಳನ್ನು, ಅಂದರೆ ಊದಿದಾಗ ಅದುರಿ ಸದ್ದು ಕೊಡೋ ತೆಳು ಪಟ್ಟಿಗಳನ್ನು ನೋಡಿ, "ಇವೆಲ್ಲ ಯಾಕೆ ಮಾಮ?" ಅಂದಳು. ಅದೇ ಅದರ ಗಂಟಲು ಪುಟ್ಟಿ, ಒಂದು ಕೆಟ್ಟರೆ ಇನ್ನೊಂದು ಬೇಕಲ್ಲ. ಜೊತೆಗೆ ಸ್ಯಾಕ್ಸೊಫೋನ್ ಬೇರೆ ಇತ್ತು. ಮೈಯೆಲ್ಲ ಹಿತ್ತಾಳೆ, ಆದರೂ ಬಾಯಲ್ಲಿ ಅದುರೋದು ಒಂದು ರೀಡು, ಹಾಗಾಗಿ ಅದು ಹಿತ್ತಾಳೆ ವಾದ್ಯಗಳದ್ದಲ್ಲ, ಕೊಳಲು-ನಾಗಸ್ವರಗಳ ಬಳಗವೇ. ಉಸಿರು ಎಲ್ಲಿ ಸದ್ದಾಗುತ್ತೆ ಅನ್ನೋದರ ಮೇಲೆ ವಾದ್ಯದ ಕುಲ, ನೋಡಿ. ಸ್ಯಾಕ್ಸೊಫೋನಿಗೇ ಹೆಸರಾದ ಕದ್ರಿ ಗೋಪಾಲನಾಥರ ತಂದೆ ನಾಗಸ್ವರ ನುಡಿಸುತ್ತಿದ್ದವರು. ಮಗ ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕಂಡು ಅತ್ತ ಹೊರಳಿದರು.

ಇದನ್ನೆಲ್ಲ ಹೇಳಬಾರದಿತ್ತೇನೋ. ಅವಳಿಗೀಗ ಸ್ಯಾಕ್ಸೊಫೋನೇ ಬೇಕಂತೆ. ಬೆಲೆ ವಿಚಾರಿಸಿದ ಅಕ್ಕ ಫೋನ್ ಮಾಡಿದ್ದಳು, ಬೈಗುಳವೆಲ್ಲ ನನಗೇ.