ಗುಮ್ಮಟದ ಊರಿನಿಂದ ಕೊಚ್ಚಿಗೆ

ಗೋಳಗುಮ್ಮಟ ನೋಡುತ್ತಾ ಬೆಳೆದ ವಿಜಯಪುರದವರಿಗೆ ಹಳೇ ಕಟ್ಟಡ ಅಂದರೆ ದೊಡ್ಡ ಬೆರಗೇನಲ್ಲ. ಹಾಗಂದುಕೊಂಡೇ ಫೋರ್ಟ್ ಕೊಚ್ಚಿಗೆ ಹೋದೆ. ಅಲ್ಲಿನ ಸೇಂಟ್ ಫ್ರಾನ್ಸಿಸ್ ಚರ್ಚಿನೊಳಗೆ ವಾಸ್ಕೋ ಡ ಗಾಮನ ಸಮಾಧಿ ಕಲ್ಲಿದೆ. 1524ರಲ್ಲಿ ಕೊಚ್ಚಿಯಲ್ಲೇ ತೀರಿಕೊಂಡವನನ್ನು ಅಲ್ಲೇ ಹೂತಿದ್ದರು, ಆಮೇಲೆ ಅವಶೇಷಗಳನ್ನು ಪೋರ್ಚುಗಲ್‌ಗೆ ಒಯ್ದರು, ಅಂದರೆ ಈಗ ನಾವು ನೋಡೋದು ಖಾಲಿ ಜಾಗ. ಆದರೂ ಎಲ್ಲರೂ ಫೋಟೊ ತೆಗೀತಾರೆ, ನಾನೂ ತೆಗೆದೆ!

ಪಕ್ಕದ ಮಟ್ಟಾಂಚೇರಿಯಲ್ಲಿ 1568ರ ಯಹೂದಿ ಪ್ರಾರ್ಥನಾ ಮಂದಿರವಿದೆ. ನೆಲಕ್ಕೆ ಚೀನಾದ ನೀಲಿ ಟೈಲ್ಸ್.

ನನಗೆ ಜಾಸ್ತಿ ಹಿಡಿಸಿದ್ದು ಮಾತ್ರ ದಂಡೆಯಲ್ಲಿ ಮೀನು ಹಿಡಿಯೋ ಚೀನೀ ಬಲೆಗಳು. ಹಗ್ಗಕ್ಕೆ ದೊಡ್ಡ ಕಲ್ಲು ಕಟ್ಟಿ ತೂಕ ಕೊಟ್ಟಿರುತ್ತಾರೆ, ನಾಲ್ಕೈದು ಜನ ಜಗ್ಗಿದರೆ ಅಷ್ಟಗಲದ ಬಲೆ ಥೇಟ್ ಏತದ ಹಾಗೆ ಮೇಲೇಳುತ್ತದೆ. ಸುಮ್ನೆ ಒಂದು ತಾಸು ನೋಡುತ್ತಾ ಕೂತಿದ್ದೆ. ಸೆಕೆಗೆ ಅಂಗಿ ಪೂರಾ ತೋಯ್ದಿತ್ತು. ಮೂರನೇ ದಿನ ಜೋಳದ ರೊಟ್ಟಿ, ಶೇಂಗಾ ಹಿಂಡಿ ನೆನಪಾಗಿ ಟಿಕೆಟ್ ಬುಕ್ ಮಾಡಿದೆ.