ಅಕೇಶಿಯಾ ಹೊಟ್ಟಿನಿಂದ ಲಿಗ್ನಿನ್: ಮಳೆಗಾಲದಲ್ಲಿ ನೀರಿನ ಲೆಕ್ಕ

ಶಿವಮೊಗ್ಗದ ಸಾಮಿಲ್‌ಗಳಲ್ಲಿ ಅಕೇಶಿಯಾ ಹೊಟ್ಟಿಗೆ ಬರವಿಲ್ಲ. ಅದರಿಂದ ಲಿಗ್ನಿನ್, ಅಂದರೆ ಮರದ ನಾರುಗಳನ್ನು ಬೆಸೆದಿಡುವ ಘಟಕವನ್ನು, ಎಥನಾಲ್-ನೀರಿನಲ್ಲಿ ಕರಗಿಸಿ ತೆಗೆಯಬಹುದು. ಆದರೆ ಅಕೇಶಿಯಾದ ತಿರುಳು ಕಪ್ಪಗಿರುವುದು ಲಿಗ್ನಿನ್‌ನಿಂದಲ್ಲ, ಪಾಲಿಫಿನಾಲ್‌ಗಳಿಂದ. ಅವು ಲಿಗ್ನಿನ್ ಜೊತೆಗೇ ಬಂದು ಇಳುವರಿಯನ್ನು ಸುಳ್ಳೇ ಏರಿಸುತ್ತವೆ. ಆದ್ದರಿಂದ ಜರಡಿ ಹಿಡಿದ ಪುಡಿಯನ್ನು ಮೊದಲು ಸಾಕ್ಸ್‌ಲೆಟ್‌ನಲ್ಲಿ (ದ್ರಾವಕವನ್ನು ಮತ್ತೆ ಮತ್ತೆ ಹಾಯಿಸುವ ಗಾಜಿನ ಉಪಕರಣ) ಅಸಿಟೋನ್‌ನಿಂದ ಬಣ್ಣ ಬಿಡುವುದು ನಿಲ್ಲುವವರೆಗೆ ತೊಳೆದು, ಗಾಳಿಗೆ ಆರಿಸಿ.

ಮಲೆನಾಡಿನ ಆಷಾಢದಲ್ಲಿ ಆರಿಸಿದ್ದು ಒಣಗಿದೆ ಎಂದುಕೊಳ್ಳುವ ಹಾಗಿಲ್ಲ. ಚೂರು ಪುಡಿಯನ್ನು 105 ಡಿಗ್ರಿಯಲ್ಲಿ ತೂಕ ನಿಲ್ಲುವವರೆಗೆ ಇಟ್ಟು ತೇವಾಂಶ ನೋಡಿ. ಅದು 15% ಇದ್ದರೆ 10 ಗ್ರಾಂ ಒಣಮರಕ್ಕೆ 11.8 ಗ್ರಾಂ ತೂಗಬೇಕು. ಲಿಗ್ನಿನ್ ಕರಗಿಸುವ 70 ಮಿ.ಲೀ. ದ್ರಾವಣಕ್ಕೆ ಎಥನಾಲ್ 42, ನೀರು 28. ಈ 28ರಲ್ಲಿ ಮರದ 1.8 ಮತ್ತು ಆಮ್ಲದ ಜೊತೆ ಬರುವ 1 ಕಳೆದು 25.2 ಹಾಕಿ. ಆಮ್ಲವೆಂದರೆ 1 ಮೋಲಾರ್ ಸಲ್ಫ್ಯೂರಿಕ್, 1 ಮಿ.ಲೀ.; ಮರದ ತೂಕದ 1% ಆಯಿತು.

ಪುಡಿ, ದ್ರಾವಣ ಎರಡನ್ನೂ ಮುಚ್ಚಿದ ರಿಯಾಕ್ಟರಿನಲ್ಲಿ ಕಾಯಿಸಿ; ಒಳಗಿನ ತಾಪ 180 ಡಿಗ್ರಿ ಮುಟ್ಟಿದ ಮೇಲೆ ಒಂದು ಗಂಟೆ. ಒತ್ತಡ ಸುಮಾರು 15–20 ಬಾರ್ ಏರುತ್ತದೆ. ಅಷ್ಟು ತಡೆಯುವ ರಿಯಾಕ್ಟರನ್ನು ಮೂರನೇ ಎರಡು ಭಾಗಕ್ಕಿಂತ ಹೆಚ್ಚು ತುಂಬದೆ ಬಳಸಿ. ಮನೆಯ ಕುಕ್ಕರ್ ಬಗ್ಗೆ ಯೋಚಿಸಲೂ ಬೇಡಿ. ಪೂರ್ತಿ ತಣಿದ ಮೇಲೆಯೇ ಮುಚ್ಚಳ ತೆಗೆಯಬೇಕು.

ಹೆಚ್ಚಿನವರು ಎಡವುವುದು ಇದರ ಮುಂದೆ. ಸೋಸಿದ ನಾರನ್ನು ಬರೀ ನೀರಿನಿಂದ ತೊಳೆದರೆ ಕರಗಿದ್ದ ಲಿಗ್ನಿನ್ ಅಲ್ಲೇ ನಾರಿನ ಮೇಲೆ ಕೂರುತ್ತದೆ. ಅದೇ ಪ್ರಮಾಣದ ಎಥನಾಲ್-ನೀರನ್ನು 60 ಡಿಗ್ರಿಗೆ ಕಾಯಿಸಿ ಮೂರು ಸಲ ತೊಳೆಯಿರಿ. ಸೋಸಿದ ಕಪ್ಪು ರಸವನ್ನೆಲ್ಲ ಸೇರಿಸಿ, ಮೂರುಪಟ್ಟು ತಣ್ಣೀರಿಗೆ ಕಲಕುತ್ತಾ ಸಣ್ಣ ಧಾರೆಯಾಗಿ ಬಿಡಿ. ತಿರುವುಮುರುವಾಗಿ, ರಸಕ್ಕೆ ನೀರು ಸುರಿದರೆ ಆಲ್ಕೋಹಾಲ್‌ನಲ್ಲಿ ಮೆತ್ತಗಾದ ಲಿಗ್ನಿನ್ ಅಂಟಂಟಾಗಿ ಕಡ್ಡಿಗೆ ಹತ್ತುತ್ತದೆ. ಹಾಲಿನಂತೆ ತೇಲಿ ಫಿಲ್ಟರ್ ದಾಟುತ್ತಿದ್ದರೆ ಪಿಎಚ್ 2ಕ್ಕೆ ಇಳಿಸಿ ರಾತ್ರಿಯಿಡೀ ತಣ್ಣಗಿಟ್ಟು ಸೆಂಟ್ರಿಫ್ಯೂಜ್ ಮಾಡಿ. ತೊಳೆಯುವ ನೀರೂ ಮೊದಲು ಪಿಎಚ್ 2ರದ್ದೇ ಇರಲಿ. ಒದ್ದೆ ಲಿಗ್ನಿನ್ 105 ಡಿಗ್ರಿಯಲ್ಲಿ ಬೆಸೆದು ಗಟ್ಟಿಯಾಗುತ್ತದೆ. ಫ್ರೀಜ್ ಡ್ರೈಯರ್ ಇಲ್ಲದಿದ್ದರೆ ವ್ಯಾಕ್ಯೂಮ್ ಓವನ್, 40 ಡಿಗ್ರಿ.

ಶುದ್ಧತೆ ನೋಡಲು ಕ್ಲಾಸನ್ ವಿಧಾನ (ಸಕ್ಕರೆ ಅಂಶವನ್ನು ಆಮ್ಲದಲ್ಲಿ ಕರಗಿಸಿ ಉಳಿದ ಲಿಗ್ನಿನ್ ತೂಗುವುದು) ಸಾಕು: ಲಿಗ್ನಿನ್ 300 ಮಿ.ಗ್ರಾಂ, 72% ಸಲ್ಫ್ಯೂರಿಕ್ 3 ಮಿ.ಲೀ., 30 ಡಿಗ್ರಿಯಲ್ಲಿ ಒಂದು ಗಂಟೆ, 84 ಮಿ.ಲೀ. ನೀರು ಸೇರಿಸಿ 121 ಡಿಗ್ರಿಯಲ್ಲಿ ಇನ್ನೊಂದು ಗಂಟೆ. ಉಳಿದ ಗಸಿಯಿಂದ ಬೂದಿ ಕಳೆಯಿರಿ. ಗಟ್ಟಿಮರದಲ್ಲಿ ಆಮ್ಲದಲ್ಲಿ ಕರಗುವ ಲಿಗ್ನಿನ್ ಕಡಿಮೆಯೇನಲ್ಲ, ಸೋಸಿದ ನೀರನ್ನು ಯುವಿಯಲ್ಲಿ ನೋಡದೆ ಚೆಲ್ಲಬೇಡಿ.

ಐಆರ್‌ನಲ್ಲಿ (ಇನ್‌ಫ್ರಾರೆಡ್ ವರ್ಣಪಟಲ, ಅಂಕಿಗಳು ಸೆಂ.ಮೀ.⁻¹ನಲ್ಲಿ) 1510ರ ಸುತ್ತ ಆರೊಮ್ಯಾಟಿಕ್ ಉಂಗುರ, 1325ರಲ್ಲಿ ಸಿರಿಂಜಿಲ್, 1265ರಲ್ಲಿ ಗ್ವಾಯಸಿಲ್; ಕೊನೆಯ ಎರಡು ಲಿಗ್ನಿನ್‌ನ ಘಟಕಗಳು. 3400ರ ಹೈಡ್ರಾಕ್ಸಿಲ್ ಶಿಖರವನ್ನು ಮಾತ್ರ ಮಳೆಗಾಲದಲ್ಲಿ ನಂಬಬೇಡಿ, ಮಾದರಿ ಬೆರೆಸುವ ಕೆಬಿಆರ್ (ಪೊಟ್ಯಾಸಿಯಂ ಬ್ರೋಮೈಡ್) ಬಿಲ್ಲೆಯೇ ನೀರು ಹೀರಿರುತ್ತದೆ. ಹೈಡ್ರಾಕ್ಸಿಲ್ ಎಣಿಕೆಗೆ ಫಾಸ್ಫರಸ್ ಎನ್‌ಎಂಆರ್ ಬೇಕು. ಅದರ ಫಾಸ್ಫೈಟ್ ಕಾರಕವನ್ನೂ ತೇವ ಕೆಡಿಸುತ್ತದೆ.

ಎಚ್‌ಎಸ್‌ಕ್ಯೂಸಿಯಲ್ಲಿ (ಎರಡು ಆಯಾಮದ ಎನ್‌ಎಂಆರ್) ಬೀಟಾ-ಓ-4, ಅಂದರೆ ಲಿಗ್ನಿನ್ ಘಟಕಗಳನ್ನು ಜೋಡಿಸುವ ಮುಖ್ಯ ಈಥರ್ ಬಂಧದ ಶಿಖರ, ಸಣ್ಣದಾಗಿ ಕಂಡರೆ ಅಚ್ಚರಿಯಿಲ್ಲ. 180 ಡಿಗ್ರಿಯ ಆಮ್ಲ ಆ ಬಂಧಗಳನ್ನೇ ಮುರಿದು ತುಂಡುಗಳನ್ನು ಮತ್ತೆ ಬೆಸೆದಿರುತ್ತದೆ. ಮೂಲ ರಚನೆಯೇ ಬೇಕಿದ್ದರೆ, ಡಯಾಕ್ಸೇನ್‌ನಲ್ಲಿ ಸ್ಫೋಟಕ ಪೆರಾಕ್ಸೈಡ್ ಇದೆಯೇ ಎಂದು ಮೊದಲು ಪರೀಕ್ಷೆ ಮಾಡಿಕೊಂಡು, ಡಯಾಕ್ಸೇನ್-ನೀರು 9:1ರಲ್ಲಿ 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ, ನೈಟ್ರೋಜನ್ ಕೆಳಗೆ ರಿಫ್ಲಕ್ಸ್ (ಆವಿ ತಣಿದು ಮರಳುವಂತೆ ಕುದಿಸುವುದು) ಮಾಡಿ. ಇಳುವರಿ ಕಡಿಮೆ ಬರುತ್ತದೆ. ಅಂಟು, ರೆಸಿನ್‌ಗೆ ಬೇಕಾದ ಫಿನಾಲಿಕ್ ಲಿಗ್ನಿನ್‌ಗೆ ಎಥನಾಲ್ ದಾರಿಯೇ ಸರಿ.